‘ಮತ್ತು ಇತರರು’

ಮಕ್ಕಳೇ, ಕಳೆದ ವಾರ ನಮ್ಮ ಮನೆಯಲ್ಲಿ ಒಂದು ರಾಜೀನಾಮೆ ಪತ್ರ ತಯಾರಾಯಿತು. ಬರೆದವನು ಆರನೇ ತರಗತಿಯ ನನ್ನ ಮೊಮ್ಮಗ. ಶಾಲೆಯ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಅವನದು. ಅದನ್ನು ಹೊಟ್ಟೆಗೆ ಕಟ್ಟಿಕೊಂಡು ನಡೆದರೆ ಎದುರಿನಿಂದ ನೋಡುವವರಿಗೆ ಎರಡು ಕಾಲು, ಒಂದು ಟೋಪಿ ಬಿಟ್ಟರೆ ಹುಡುಗ ಕಾಣುವುದೇ ಇಲ್ಲ. ಸ್ವಾತಂತ್ರ್ಯ ದಿನದ ಫೋಟೋವನ್ನು ಶಾಲೆಯ ಫಲಕದಲ್ಲಿ ಹಾಕಿದ್ದಾರಂತೆ. ಬ್ಯೂಗಲ್ ಊದುವ ನಾಲ್ವರೂ ಅದರಲ್ಲಿದ್ದಾರೆ. ಇವನದು ಡ್ರಮ್ಮಿನ ಅಂಚು ಮಾತ್ರ.

“ನಾನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ತಾತ. ಆ ನಾಲ್ಕು ಜನ ಒಂದು ಗುಂಪು. ನಾನು ಬೇರೆ” ಎಂದ. ಪತ್ರದಲ್ಲಿ ಬಿಡಲು ಕಾರಣ ‘ಹೊಟ್ಟೆನೋವು’ ಎಂದಿತ್ತು.

ಅವನಮ್ಮ “ಇಷ್ಟಕ್ಕೆಲ್ಲ ಬೇಜಾರಾ?” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವನನ್ನು ಕೂರಿಸಿಕೊಂಡು ರಿಂಗೋ ಸ್ಟಾರ್ ಕಥೆ ಹೇಳಿದೆ.

ಬೀಟಲ್ಸ್ ಎಂಬ ಹೆಸರನ್ನು ನಿಮ್ಮ ಅಜ್ಜ ಅಜ್ಜಿಯರು ಕೇಳಿರುತ್ತಾರೆ. ಇಂಗ್ಲೆಂಡಿನ ಲಿವರ್‌ಪೂಲ್ ಊರಿನ ನಾಲ್ವರ ತಂಡ: ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮತ್ತು ಡ್ರಮ್ ಬಾರಿಸುವ ರಿಂಗೋ. ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದವನು ಈ ರಿಂಗೋ. ಡ್ರಮ್ಮಿನ ಹುಚ್ಚು ಹಿಡಿದದ್ದೂ ಅಲ್ಲೇ. ನಾಲ್ವರಲ್ಲಿ ಕೊನೆಗೆ, 1962ರಲ್ಲಿ, ತಂಡ ಸೇರಿದವನೂ ಅವನೇ. 1968ರ ಆಗಸ್ಟ್ ಹೊತ್ತಿಗೆ ಜಗತ್ತೆಲ್ಲ ಅವರ ಹೆಸರು ಹೇಳುತ್ತಿತ್ತು. ಲಂಡನ್ನಿನ ಸ್ಟುಡಿಯೋ ಒಳಗೆ ಮಾತ್ರ ಮಾತುಮಾತಿಗೆ ಜಟಾಪಟಿ. ತಾನು ಚೆನ್ನಾಗಿ ಬಾರಿಸುತ್ತಿಲ್ಲ, ಮಿಕ್ಕ ಮೂವರೂ ಒಂದಾಗಿದ್ದಾರೆ, ತಾನು ಹೊರಗಿನವನು ಎಂದು ರಿಂಗೋ ಮನಸ್ಸಿಗೆ ಹತ್ತಿತು.

ಅವನು ಜಾನ್ ಹತ್ತಿರ ಹೋಗಿ ಇದನ್ನೇ ನೇರವಾಗಿ ಹೇಳಿದ. ಜಾನ್‌ಗೆ ಆಶ್ಚರ್ಯ. ನೀವು ಮೂವರು ಒಂದು, ನಾನೇ ಬೇರೆ ಎಂದು ತಾನು ಅಂದುಕೊಂಡಿದ್ದೆ ಎಂದ! ಪಾಲ್ ಮನೆಗೆ ಹೋದರೆ ಅಲ್ಲೂ ಅದೇ ಉತ್ತರ. ರಿಂಗೋನೇ ಮುಂದೆ ಇದನ್ನು ಹೇಳಿಕೊಂಡಿದ್ದಾನೆ.

ಆದರೂ ಅವನು ತಂಡ ಬಿಟ್ಟು, ಹೆಂಡತಿ ಮಕ್ಕಳೊಂದಿಗೆ ಇಟಲಿಯ ಸಾರ್ಡೀನಿಯ ದ್ವೀಪಕ್ಕೆ ಹೋಗಿಬಿಟ್ಟ. ಅಲ್ಲಿ ದೋಣಿಯ ಕ್ಯಾಪ್ಟನ್, ಆಕ್ಟೋಪಸ್ ಸಮುದ್ರದ ತಳದಲ್ಲಿ ಕಲ್ಲು, ಹೊಳೆಯುವ ವಸ್ತುಗಳನ್ನು ಆರಿಸಿ ತಂದು ತನ್ನ ಬಿಲದ ಮುಂದೆ ತೋಟದಂತೆ ಜೋಡಿಸುತ್ತದೆ ಎಂದು ಹೇಳಿದ. ಆಗಿನ ರಿಂಗೋಗೆ ನೀರಿನಡಿಯ ಅಂಥ ತೋಟಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ. ಅದರ ಮೇಲೆ ಹಾಡು ಕಟ್ಟತೊಡಗಿದ. ಅಷ್ಟರಲ್ಲಿ ಗೆಳೆಯರಿಂದ ತಂತಿ ಬಂತು: ನಿನ್ನಂಥ ಡ್ರಮ್ಮರ್ ಇಲ್ಲ, ವಾಪಸ್ ಬಾ. ಸುಮಾರು ಎರಡು ವಾರದ ಮೇಲೆ ಸ್ಟುಡಿಯೋಗೆ ಬಂದರೆ ಅವನ ಡ್ರಮ್‌ಗಳಿಗೆಲ್ಲ ಹೂವಿನ ಅಲಂಕಾರ. ಅರ್ಧಕ್ಕೆ ನಿಂತಿದ್ದ ಆಕ್ಟೋಪಸ್ ಹಾಡಿಗೆ ಮುಂದೆ ಜಾರ್ಜ್ ಪಿಯಾನೋ ಪಕ್ಕ ಕೂತು ನೆರವಾದ. ಅದು 1969ರ ‘ಅಬ್ಬೇ ರೋಡ್’ ಆಲ್ಬಂನಲ್ಲಿದೆ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಮಕ್ಕಳಿಗೆ ಮೋಸ ಮಾಡಿದಂತೆ. 1969ರ ಜನವರಿಯಲ್ಲಿ ಆ ಜಾರ್ಜೇ ಮುನಿಸಿಕೊಂಡು ಕೆಲವು ದಿನ ತಂಡ ಬಿಟ್ಟಿದ್ದ. 1970ರಲ್ಲಿ ತಂಡವೇ ಒಡೆಯಿತು.

“ನಿನಗೂ ಹೀಗೆ ಆಗಿತ್ತಾ ತಾತ?” ಎಂದ ಮೊಮ್ಮಗ.

ಆಗಿತ್ತು. 1979ರ ಮಾತು. ಬ್ಯಾಂಕಿನ ನೌಕರರೇ ಸೇರಿ ಕಟ್ಟಿದ್ದ ಆರ್ಕೆಸ್ಟ್ರಾದಲ್ಲಿ ನಾನು ಢೋಲಕ್ ಬಾರಿಸುತ್ತಿದ್ದೆ. ರಾಜ್ಯೋತ್ಸವದ ಕಾರ್ಯಕ್ರಮ ಮುಗಿದ ಮೇಲೆ ನಿರೂಪಕರು ಗಾಯಕ, ಗಾಯಕಿ, ಹಾರ್ಮೋನಿಯಂ, ಗಿಟಾರು ಎಂದು ಒಬ್ಬೊಬ್ಬರದೇ ಹೆಸರು ಹೇಳಿ, ‘ಮತ್ತು ಇತರರು’ ಎಂದು ಮುಗಿಸಿದರು. ಉಳಿದಿದ್ದವನು ನಾನೊಬ್ಬನೇ! ಯಾವ ಖಾತೆಗೂ ಸೇರದ ಹಣವನ್ನು ನಾವು ಸಂಡ್ರಿ ಖಾತೆಗೆ ತಳ್ಳುತ್ತಿದ್ದೆವು. ನನ್ನನ್ನೂ ಹಾಗೇ ತಳ್ಳಿದ್ದರು. ‘ಬಹುವಚನ ಕೊಟ್ಟರಲ್ಲ, ಬಿಡಿ’ ಎಂದು ನನ್ನಾಕೆ ಸಮಾಧಾನ ಹೇಳಿದಳು.

ನಾನು ಯಾರಿಗೂ ಏನೂ ಹೇಳಲಿಲ್ಲ. ಅಭ್ಯಾಸಕ್ಕೆ ಹೋಗುವುದನ್ನು ನಿಲ್ಲಿಸಿದೆ, ಅಷ್ಟೆ. ಯಾರಾದರೂ ಬಂದು ‘ಯಾಕ್ರೀ?’ ಎಂದು ಕೇಳಲಿ ಎಂದು ಕಾದೆ. ಮೂರನೇ ವಾರ ಬೇರೆ ಶಾಖೆಯ ಹುಡುಗನೊಬ್ಬ ಢೋಲಕ್ ಹಿಡಿದ. ಗಾಯಕ ಬೇರೆ ಯಾರೂ ಅಲ್ಲ, ನನ್ನ ಪಕ್ಕದ ಕೌಂಟರಿನ ಕ್ಯಾಷಿಯರ್. ಆಮೇಲೆ ಅವನಿಗೆ ವರ್ಗವಾಗುವ ತನಕ, ನಾಲ್ಕು ವರ್ಷ, ನಾವಿಬ್ಬರೂ ವೋಚರು ಚೆಕ್ಕು ಬಿಟ್ಟು ಬೇರೆ ಮಾತಾಡಲಿಲ್ಲ. ನನ್ನ ನಿವೃತ್ತಿಯ ಬೀಳ್ಕೊಡುಗೆಗೆ ಬಂದಿದ್ದ. ಕಾಫಿ ಕುಡಿಯುತ್ತಾ ಮೆಲ್ಲಗೆ ಕೇಳಿದ: “ನನ್ನ ಹಾಡು ಸರಿಯಿಲ್ಲ ಅಂತ ತಾನೇ ಅವತ್ತು ನೀವು ಬಿಟ್ಟದ್ದು?” ಮೂವತ್ತು ವರ್ಷ ಅವನು ಹಾಗೆಂದುಕೊಂಡಿದ್ದ.

ಲೆಡ್ಜರ್ ಒಂದು ರೂಪಾಯಿ ತಾಳೆಯಾಗದಿದ್ದರೂ ನಾವಿಬ್ಬರು ರಾತ್ರಿಯವರೆಗೆ ಕೂರುತ್ತಿದ್ದೆವು. ಒಬ್ಬ ಅಂಕಿ ಓದುವುದು, ಇನ್ನೊಬ್ಬ ಟಿಕ್ ಹಾಕುವುದು. ಬರೆದವನೇ ಒಬ್ಬನೇ ಹುಡುಕಿದರೆ ತಪ್ಪು ಸಿಗುವುದಿಲ್ಲ. ಅವನ ಕಣ್ಣು ತಪ್ಪನ್ನೂ ಸರಿಯೆಂದೇ ಓದುತ್ತದೆ. ದಿನಾ ಮಾಡುತ್ತಿದ್ದ ಈ ಕೆಲಸ ಆ ಒಂದು ವಿಷಯದಲ್ಲಿ ನಮಗೆ ತೋಚಲಿಲ್ಲ.

ಮೊಮ್ಮಗನಿಗೆ ಹೇಳಿದ್ದು ಇಷ್ಟೇ. ಹೊಟ್ಟೆನೋವು ಎಂದು ಬರೆಯಬೇಡ, ಅದು ಸುಳ್ಳು. ಬ್ಯಾಂಡ್ ಮೇಷ್ಟರಿಗೆ ಫೋಟೋ ವಿಷಯ ಹೇಳು. ‘ಯಾವಾಗಲೂ ಹೀಗೇ’ ಎನ್ನಬೇಡ. ಆ ಫೋಟೋ, ಆ ದಿನ, ಅಷ್ಟು ಸಾಕು. ಬ್ಯೂಗಲ್ ಹುಡುಗರಲ್ಲಿ ಒಬ್ಬನ ಹತ್ತಿರ, ಅವನೊಬ್ಬನೇ ಇದ್ದಾಗ ಮಾತಾಡು. ಅದಾದ ಮೇಲೂ ಬಿಡಬೇಕೆನಿಸಿದರೆ ಬಿಡು, ಬಿಡುವುದೇನೂ ತಪ್ಪಲ್ಲ. (ದೊಡ್ಡವರಿಗೂ ಒಂದು ಮಾತು: ಮೈಕ್ ಹಿಡಿಯುವ ಮುಂಚೆ ಎಲ್ಲರ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನನ್ನ ಹೊಟ್ಟೆಯುರಿ ಇನ್ನೂ ಆರಿಲ್ಲ.)

ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಟ್ಟದ ಮೇಲಿನ ಢೋಲಕ್ ಇಳಿಸಿಕೊಡು ಎಂದ. ಎಡಗಡೆಯ ಚರ್ಮ ಸಡಿಲವಾಗಿದೆ, ಆದರೂ ಸಂಜೆಯವರೆಗೆ ಇಬ್ಬರೂ ಬಾರಿಸಿದೆವು. ಇದನ್ನು ಬರೆಯುತ್ತಿರುವುದು ಗುರುವಾರ. ಶನಿವಾರ ಬ್ಯಾಂಡಿನ ಅಭ್ಯಾಸ. ರಾಜೀನಾಮೆ ಪತ್ರ ಇನ್ನೂ ಅವನ ಜ್ಯಾಮಿತಿ ಪೆಟ್ಟಿಗೆಯಲ್ಲೇ ಇದೆ. ಬಿಳಿ ಪ್ಯಾಂಟನ್ನು ಮಾತ್ರ ಇವತ್ತು ಬೆಳಿಗ್ಗೆ ಇಸ್ತ್ರಿಗೆ ಕೊಟ್ಟು ಬಂದಿದ್ದಾನೆ.