ಕೊರಳ ಸುತ್ತಿನ ಕರುಳಬಳ್ಳಿ

ಹೊಕ್ಕುಳಬಳ್ಳಿಯನ್ನು ಕೊರಳಿಗೆ ಸುತ್ತಿಕೊಂಡು ಜನಿಸಿದ ಕೂಸನ್ನು ನಮ್ಮ ಹಿರಿಯರು 'ಮಾಲೆ ಹಾಕಿಕೊಂಡು ಹುಟ್ಟಿದ ಮಗು' ಎನ್ನುವುದುಂಟು. ಕೇಳಲು ಇಂಪಾದ ಈ ಮಾತಿನ ಬೆನ್ನಿಗೇ ಕಹಿಯಾದ ಇನ್ನೊಂದು ಮಾತು ಬರುತ್ತದೆ: ಇಂಥ ಕೂಸು ಸೋದರಮಾವನಿಗೆ ಆಗಿಬರುವುದಿಲ್ಲವಂತೆ! ಆತನು ಎಣ್ಣೆಯ ಬಟ್ಟಲಿನಲ್ಲಿ ಕೂಸಿನ ನೆರಳನ್ನು ಕಂಡ ಬಳಿಕವೇ ಅದರ ಮುಖವನ್ನು ನೋಡಬೇಕಂತೆ. ತವರಿನಲ್ಲಿ ಹೆತ್ತು ಮಲಗಿದ ಹೆಣ್ಣುಮಗಳಿಗೆ ಒಡಹುಟ್ಟಿದವನೇ ಮುಖ ತಿರುಗಿಸಿದರೆ ಆಕೆಯ ಮನಸ್ಸು ಎಷ್ಟು ನೊಂದೀತು! ಆದ್ದರಿಂದ ಈ ವಿಷಯವಾಗಿ ನಾಲ್ಕು ಮಾತು ಹೇಳಬಯಸುತ್ತೇವೆ.

ಹೊಕ್ಕುಳಬಳ್ಳಿಯ ಉದ್ದ ಸಾಮಾನ್ಯವಾಗಿ 50ರಿಂದ 60 ಸೆಂಟಿಮೀಟರು. ಅದರೊಳಗೆ ಮೂರು ರಕ್ತನಾಳಗಳುಂಟು. ಒಂದು ಮಾಸಿನಿಂದ ಕೂಸಿಗೆ ಪ್ರಾಣವಾಯುವನ್ನೂ ಆಹಾರಸತ್ವವನ್ನೂ ಒಯ್ಯುತ್ತದೆ. ಉಳಿದೆರಡು ಕೂಸಿನ ಮಲಿನ ರಕ್ತವನ್ನು ಹಿಂದಿರುಗಿಸುತ್ತವೆ. ಸುತ್ತಲಿನ ಲೋಳೆಯಂಥ ಪದಾರ್ಥವು ನಾಳಗಳು ಸುಲಭವಾಗಿ ಅದುಮಿಹೋಗದಂತೆ ಕಾಯುತ್ತದೆ. ಗರ್ಭಜಲದಲ್ಲಿ ಕೂಸು ಹೊರಳಾಡುವಾಗ ಬಳ್ಳಿ ಕೊರಳಿಗೆ ಸುತ್ತಿಕೊಳ್ಳುವುದುಂಟು. ತಾನಾಗಿಯೇ ಬಿಡಿಸಿಕೊಳ್ಳುವುದೂ ಉಂಟು. ಹೆರಿಗೆಯ ಹೊತ್ತಿಗೆ ಸುಮಾರು ನಾಲ್ಕು ಕೂಸುಗಳಲ್ಲಿ ಒಂದಕ್ಕೆ ಈ ಸುತ್ತು ಇರುತ್ತದೆ. ಇದರಿಂದ ಸೋದರಮಾವನಿಗೆ ಕೇಡೆನ್ನುವುದಾದರೆ, ಊರಿನಲ್ಲಿ ಸುಖವಾಗಿರುವ ಮಾವಂದಿರೇ ವಿರಳವಾಗಬೇಕಿತ್ತಲ್ಲವೇ?

ಬಸುರಿಯು ಕೈ ಮೇಲೆತ್ತಿ ಬಟ್ಟೆ ಒಣಹಾಕಿದ್ದರಿಂದ ಹೀಗಾಯಿತೆಂದು ದೂರುವುದೂ ಸಲ್ಲದು. ತಾಯಿಯ ತೋಳಿಗೂ ಬಳ್ಳಿಯ ಸುತ್ತಿಗೂ ಸಂಬಂಧವಿಲ್ಲ.

ಕೂಸಿಗೆ ಉಸಿರು ಕಟ್ಟೀತೆಂದು ಅಂಜುವವರು ಒಂದು ಸಂಗತಿಯನ್ನು ತಿಳಿಯಬೇಕು. ಗರ್ಭಸ್ಥ ಶಿಶು ಗಂಟಲಿನಿಂದ ಉಸಿರಾಡುವುದಿಲ್ಲ. ಅದಕ್ಕೆ ಪ್ರಾಣವಾಯು ಬರುವುದು ಬಳ್ಳಿಯ ಮೂಲಕವೇ. ಆದಕಾರಣ ಅಪಾಯವಿರುವುದು ಮುಖ್ಯವಾಗಿ ಬಳ್ಳಿ ಅದುಮಿ ರಕ್ತಸಂಚಾರ ಕುಂದುವುದರಲ್ಲಿ. ಬಹುಪಾಲು ಸುತ್ತುಗಳು ಸಡಿಲವಾಗಿಯೇ ಇರುತ್ತವೆ. ತಲೆ ಹೊರಬಂದೊಡನೆ ಹೆರಿಗೆ ಮಾಡಿಸುವವರು ಅವನ್ನು ಬೆರಳಿನಿಂದ ತಲೆಯ ಮೇಲಾಗಿ ಜಾರಿಸಿಬಿಡುತ್ತಾರೆ. ಬಿಗಿಯಾದ ಸುತ್ತು ಒಮ್ಮೊಮ್ಮೆ ತೊಂದರೆ ಕೊಡಬಹುದು. ಹೆರಿಗೆಯ ನೋವಿನ ಕಾಲದಲ್ಲಿ ಕೂಸಿನ ಎದೆಬಡಿತವನ್ನು ಮತ್ತೆ ಮತ್ತೆ ಪರೀಕ್ಷಿಸುವುದರಿಂದ ಅಂಥ ತೊಂದರೆ ತಿಳಿದುಬರುತ್ತದೆ. ಸ್ಕ್ಯಾನಿಂಗಿನಲ್ಲಿ ಸುತ್ತು ಕಂಡಿತೆಂಬ ಒಂದೇ ಕಾರಣಕ್ಕೆ ಶಸ್ತ್ರಕ್ರಿಯೆ ಬೇಕಾಗುವುದಿಲ್ಲ. ಆದರೆ ಹೊಟ್ಟೆಯೊಳಗಿನ ಕೂಸಿನ ಮಿಸುಕಾಟ ಕಡಿಮೆಯಾದರೆ, ನಾಳೆ ನೋಡೋಣವೆನ್ನದೆ ಆ ಹೊತ್ತೇ ಆಸ್ಪತ್ರೆಗೆ ಹೋಗತಕ್ಕದ್ದು. ಎಚ್ಚರ ಬೇಕಾದದ್ದು ಇಲ್ಲಿ, ಎಣ್ಣೆಯ ಬಟ್ಟಲಿನಲ್ಲಲ್ಲ.

ಹನ್ನೆರಡನೆಯ ಶತಮಾನದ ಶರಣರು ಜನನಸೂತಕವನ್ನೇ ಅಲ್ಲಗಳೆದರು. ಅವರ ದಾರಿಯವರೆನಿಸಿಕೊಂಡ ನಮ್ಮ ಮನೆಗಳಲ್ಲಿ, ಆಗತಾನೇ ಕಣ್ಣು ತೆರೆದ ಕೂಸಿಗೆ ಕೇಡಿನ ಹೆಸರೇಕೆ? ಸೋದರಮಾವಂದಿರೇ, ಅಂಜದೆ ಬನ್ನಿರಿ. ತಂಗಿಯ ಕುಶಲವನ್ನು ವಿಚಾರಿಸಿರಿ. ಕೂಸನ್ನು ಮೊದಲು ಮಡಿಲಿಗೆ ತೆಗೆದುಕೊಳ್ಳಿರಿ.