ಬಾಟಲಿ ಮ್ಯಾಲಿನ ನಂಬರ್ ಓದೋದು ಯಾರ ಕೆಲಸ?

(1/4)

ನಮ್ಮ ಏಕಸಂಬಿ ಕಡೆ ಕಬ್ಬು ಇಲ್ಲದ ಹೊಲ ಹುಡುಕಬೇಕು. ಶುಗರ್ ಇಲ್ಲದ ಮನಿನೂ ಈಗ ಹಂಗ ಹುಡುಕೂ ಹೊತ್ತು ಬಂದೈತಿ. ಐಸಿಎಂಆರ್ ನೆರವಿನ ಅಧ್ಯಯನವೊಂದು 2023ರಲ್ಲಿ ಹೇಳಿದ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ. ಗುಳಿಗೆಯಿಂದ ಹಿಡಿತಕ್ಕೆ ಬಾರದವರಿಗೆ ಡಾಕ್ಟರ್ ಇನ್ಸುಲಿನ್ ಬರೆಯುತ್ತಾರೆ. ಟೈಪ್ 1 ಇರುವ ಮಕ್ಕಳಿಗಂತೂ ಅದು ದಿನಾ ಬೇಕೇ ಬೇಕು.

"ಇನ್ಸುಲಿನ್ ಚಾಲೂ ಆತು ಅಂದ್ರ ಕತಿ ಮುಗೀತು" ಅನ್ನೋ ಮಾತು ಕಟ್ಟಿ ಮ್ಯಾಲ ಕೇಳಿರ್ತೀರಿ. ನಂಬಬ್ಯಾಡ್ರಿ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಸಾವಿನ ಹತ್ತಿರ ಇದ್ದ ಆ ಹುಡುಗ ಮುಂದೆ 13 ವರ್ಷ ಬದುಕಿದ. ಹೆದರಬೇಕಾದದ್ದು ಔಷಧಕ್ಕಲ್ಲ, ಅದನ್ನ ನೋಡದೇ ಕೊಡೋದಕ್ಕ.

ನನ್ನ ಮಾತು ಇಷ್ಟೇ: ಚುಚ್ಚಿಸಿಕೊಳ್ಳೋರು ಮುತ್ಯಾ ಇರಬಹುದು, ಆಯಿ ಇರಬಹುದು. ಆದ್ರ ಡಬ್ಬಿ ಮ್ಯಾಲ ಏನು ಬರದೈತಿ ಅಂತ ಓದೋದು ನಮ್ಮ ಕೆಲಸ. ಅದು ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತದೆ. ಮುತ್ಯಾ ಓದಿದ್ದು ಕನ್ನಡ ಇಲ್ಲಾ ಮರಾಠಿ ಸಾಲಿ, ಕಣ್ಣಿಗೆ ಪೊರೆ ಬೇರೆ. ಓದಬಲ್ಲ ಕಣ್ಣು ಮನ್ಯಾಗ ಇರೋದು ನಮಗ.

(2/4)

ಏನು ಓದಬೇಕು? ಮೊದಲು ಒಂದು ನಂಬರ್.

ನಮ್ಮಲ್ಲಿ ಮೆಡಿಕಲ್‌ನಾಗ ಸಿಗುವ ಇನ್ಸುಲಿನ್‌ನ ಗಾಜಿನ ಬಾಟಲಿ ಹೆಚ್ಚಾಗಿ "40"ರದ್ದು. ಅಂದರೆ 1 ಎಂಎಲ್‌ನಲ್ಲಿ 40 ಯೂನಿಟ್. ಪೆನ್ನಿನೊಳಗೆ ಹಾಕುವ ಕಾರ್ಟ್ರಿಜ್ ಸಾಮಾನ್ಯವಾಗಿ "100"ರದ್ದು. "100"ರ ಬಾಟಲಿಗಳೂ ಇವೆ. ಸಿರಿಂಜಿನಲ್ಲೂ ಎರಡು ಜಾತಿ: 40ಕ್ಕೆ ಕೆಂಪು ಕ್ಯಾಪ್, 100ಕ್ಕೆ ಕಿತ್ತಳೆ ಕ್ಯಾಪ್. ಬಣ್ಣ ಒಂದನ್ನೇ ನಂಬಬೇಡಿ. ಬಾಟಲಿ ಮೇಲಿನ ನಂಬರ್, ಸಿರಿಂಜ್ ಮೇಲಿನ ನಂಬರ್ ಎರಡೂ ಒಂದೇ ಇರಬೇಕು.

ಅದಲು ಬದಲಾದರೆ ಏನಾಗುತ್ತದೆ, ಲೆಕ್ಕ ಹಾಕಿ ನೋಡ್ರಿ. ಡಾಕ್ಟರ್ ಬರೆದದ್ದು 20 ಯೂನಿಟ್. 40ರ ಸಿರಿಂಜಿನಲ್ಲಿ 20ರ ಗೆರೆ ಅಂದರೆ ಅರ್ಧ ಎಂಎಲ್. ಅದರೊಳಗೆ 100ರ ಇನ್ಸುಲಿನ್ ತುಂಬಿದರೆ ಒಳಗೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು! ಮಲಗಿದ ಮನುಷ್ಯ ಬೆಳಿಗ್ಗೆ ಏಳದೇ ಇರಬಹುದು. ಉಲ್ಟಾ ಆದರೆ, ಅಂದರೆ 40ರ ಔಷಧ 100ರ ಸಿರಿಂಜಿಗೆ ಬಂದರೆ, ಹೋಗುವುದು ಬರೀ 8 ಯೂನಿಟ್. "ಇನ್ಸುಲಿನ್ ತಗೊಂಡ್ರೂ ಶುಗರ್ ಇಳೀವಲ್ದು" ಅಂತ ಡೋಸ್ ಏರಿಸುತ್ತಾ ಹೋಗುತ್ತಾರೆ.

ನಮ್ಮ ಗಡಿ ಭಾಗದಾಗ ಇದು ಇನ್ನೂ ಸುಲಭಕ್ಕ ಆಗೂವಂಥಾದ್ದು. ದೊಡ್ಡ ಆಸ್ಪತ್ರಿ ಅಂದ್ರ ಮಿರಜ, ಕೊಲ್ಲಾಪುರ, ಬೆಳಗಾವಿ. ಅಲ್ಲಿ ಡಿಸ್ಚಾರ್ಜ್ ಆಗುವಾಗ ಕೈಗೆ ಪೆನ್ ಕೊಟ್ಟಿರುತ್ತಾರೆ. ಪೆನ್ ಕೆಟ್ಟಿತು, ಇಲ್ಲಾ ಸೂಜಿ ಖಾಲಿಯಾಯಿತು ಅಂದಾಗ ಊರಲ್ಲಿ ಒಂದು ಸಿರಿಂಜ್ ತಂದು ಕಾರ್ಟ್ರಿಜ್‌ನಿಂದಲೇ ಎಳೆಯುತ್ತಾರೆ. ಹಂಗ ಎಂದೂ ಮಾಡಬ್ಯಾಡ್ರಿ.

ಬ್ರಿಟನ್ 1983ರಲ್ಲೇ ಎಲ್ಲಾ ಇನ್ಸುಲಿನ್ 100ಕ್ಕೆ ಬದಲಿಸಿತು. ನಮ್ಮಲ್ಲೂ ಒಂದೇ ನಂಬರ್ ಇರಬೇಕು, ಡಬ್ಬಿ ಮೇಲೆ ಕನ್ನಡದಲ್ಲೂ ದೊಡ್ಡದಾಗಿ ಬರೆಯಬೇಕು ಅನ್ನೋದು ನನ್ನ ಬೇಡಿಕೆ. ಅದು ಆಗೋವರೆಗೆ ಕಾವಲು ನಾವೇ.

(3/4)

ಎರಡನೇದು, ಇಡೋ ಜಾಗ. ಒಡೆಯದ ಬಾಟಲಿ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು, ಫ್ರೀಜರ್‌ನಲ್ಲಿ ಅಲ್ಲ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಬಳಸಲು ಶುರುಮಾಡಿದ್ದನ್ನು ಬಿಸಿಲು ತಾಗದ ತಂಪು ಜಾಗದಲ್ಲಿ ಇಡಬಹುದು, ಹೆಚ್ಚಿನವು ಸುಮಾರು 4 ವಾರ ಬರುತ್ತವೆ. ಒಡೆದ ತಾರೀಖನ್ನು ಡಬ್ಬಿ ಮೇಲೆ ಪೆನ್ನಿಂದ ಬರೀರಿ. ಫ್ರಿಜ್ ಇಲ್ಲದ ಮನ್ಯಾಗ, ಕರೆಂಟ್ ಹೋದಾಗ, ನೀರು ಚಿಮುಕಿಸಿದ ಮಣ್ಣಿನ ಗಡಿಗಿ ಉಪಯೋಗಕ್ಕ ಬರ್ತೈತಿ. ಬಾಟಲಿ ನೀರಿನಲ್ಲಿ ಮುಳುಗದಂತೆ ಡಬ್ಬಿಯೊಳಗೆ ಇಡಿ.

2019ರ ಆಗಸ್ಟ್ ಮರೆತಿಲ್ಲ ತಾನೇ? ಕೃಷ್ಣಾ, ದೂಧಗಂಗಾ ಏರಿ ನಮ್ಮ ತಾಲೂಕಿನ ಮಂದಿ ಕಾಳಜಿ ಕೇಂದ್ರ ಸೇರಿದ್ದರು. ಅಂಥ ಹೊತ್ತಿನಲ್ಲಿ ಆಧಾರ್ ಕಾರ್ಡ್ ಜೊತೆಗೇ ಇನ್ಸುಲಿನ್, ಸಿರಿಂಜ್, ಡಾಕ್ಟರ್ ಚೀಟಿ ಒಂದೇ ಚೀಲದಲ್ಲಿ ಇರಬೇಕು.

ಮೂರನೇದು, ಚುಚ್ಚೋದು. ಒಂದೇ ಜಾಗದಲ್ಲಿ ಚುಚ್ಚುತ್ತಾ ಇದ್ದರೆ ಅಲ್ಲಿ ಗಂಟು ಕಟ್ಟುತ್ತದೆ, ಔಷಧ ಸರಿಯಾಗಿ ಹಿಡಿಯುವುದಿಲ್ಲ. ಹೊಟ್ಟೆಯಲ್ಲಾದರೆ ಹೊಕ್ಕಳಿನಿಂದ ಎರಡು ಬೆರಳು ದೂರ, ಪ್ರತಿ ಸಲ ಜಾಗ ಬದಲಿಸಿ. ಮಜ್ಜಿಗೆಯಂತೆ ಬೆಳ್ಳಗಿರುವ ಇನ್ಸುಲಿನ್ ಆದರೆ ಅಂಗೈ ನಡುವೆ ನಿಧಾನ ಉರುಳಿಸಿ, ಅಲುಗಾಡಿಸಬೇಡಿ. ಪೆನ್ ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಿರಿ.

ಮುತ್ಯಾ, ಆಯಿ ಇಬ್ಬರಿಗೂ ಶುಗರ್ ಇದ್ದರೂ ಪೆನ್ ಒಂದೇ ಇರಬಾರದು. ಸೂಜಿ ಬದಲಿಸಿದರೂ ಒಬ್ಬರ ರಕ್ತ ಪೆನ್ನಿನೊಳಗೆ ಸೇರಬಹುದು. ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟು ಆಸ್ಪತ್ರೆಗೆ ಕೊಡಿ. ಕಸದ ಗಾಡಿಯವರ ಕೈಗೂ ಚರ್ಮಾನೇ ಐತಿ.

(4/4)

ಕೊನೇದು, ಎಲ್ಲಕ್ಕಿಂತ ಮುಖ್ಯ. ಇನ್ಸುಲಿನ್ ತಗೊಂಡು ಊಟ ತಪ್ಪಿಸಿದರೆ ಶುಗರ್ 70ಕ್ಕಿಂತ ಕೆಳಗೆ ಇಳಿಯಬಹುದು. ಕೈ ನಡುಕ, ಬೆವರು, ಹಸಿವು, ತಡವರಿಸುವ ಮಾತು. "ಕುಡದಾನ" ಅಂತ ಮಂದಿ ತಪ್ಪು ತಿಳೀತಾರ. ಎಚ್ಚರ ಇದ್ದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಆಷಾಢ ಏಕಾದಶಿ, ಶಿವರಾತ್ರಿ, ಶ್ರಾವಣ ಸೋಮವಾರ ಬಂತು ಅಂದ್ರ ಆಯಿ ಉಪವಾಸ ಬಿಡೂದಿಲ್ಲ. ಬಿಡು ಅಂತ ಜಗಳ ಬ್ಯಾಡ. ನಾಲ್ಕು ದಿನ ಮೊದಲೇ ಡಾಕ್ಟರ್ ಹತ್ರ ಕರಕೊಂಡು ಹೋಗಿ ಡೋಸ್ ಕೇಳ್ರಿ. ನೀವಾಗಿ ಡೋಸ್ ಏರಿಸೋದು, ಇಳಿಸೋದು ಎರಡೂ ಬ್ಯಾಡ.

ನಮ್ಮ ಕ್ಲಾಸಿನಾಗೂ ಇನ್ಸುಲಿನ್ ತಗೊಳ್ಳೋರು ಇರಬಹುದು. ಬಾತ್‌ರೂಮಿನಲ್ಲಿ ಅಡಗಿ ಚುಚ್ಚಿಕೊಳ್ಳುವಂತೆ ಅವರನ್ನು ಮಾಡಬೇಡಿ. ಪಕ್ಕದ ಬೆಂಚಿನವರಿಗೆ ಗೊತ್ತಿದ್ದರೆ ನಡುಕ ಬಂದ ದಿನ ಯಾರಾದರೂ ಸಕ್ಕರೆ ತಂದು ಕೊಡ್ತಾರ.

"ಇದೆಲ್ಲಾ ಡಾಕ್ಟರ್ ನೋಡ್ಕೋಬೇಕು" ಅಂತೀರಾ? ಡಾಕ್ಟರ್ ತಿಂಗಳಿಗೆ ಐದು ನಿಮಿಷ ನೋಡ್ತಾರ. ದಿನಕ್ಕೆ ಎರಡು ಸಲ ಅಂದರೆ ವರ್ಷಕ್ಕೆ 730 ಸಲ ಚುಚ್ಚೋದು ಮನ್ಯಾಗ.

ಅದಕ್ಕ ಇವತ್ತ ಒಂದು ಕೆಲಸ ಮಾಡ್ರಿ. ಮನೆಯ ಇನ್ಸುಲಿನ್ ಡಬ್ಬಿ, ಸಿರಿಂಜ್, ಚೀಟಿ ಮೂರರದ್ದೂ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಹೊಸದು ತಂದಾಗಲೆಲ್ಲ ಹೋಲಿಸಿ. ನಂಬರ್ ಬೇರೆ ಕಂಡರೆ ಚುಚ್ಚುವ ಮೊದಲು ಮೆಡಿಕಲ್‌ನವರನ್ನ, ಡಾಕ್ಟರ್‌ನ್ನ ಕೇಳ್ರಿ. ಈ ಫೋಟೋ ಪೋಸ್ಟ್ ಮಾಡೂದು ಬ್ಯಾಡ, ನಿಮ್ಮ ಫೋನಿನ್ಯಾಗ ಇದ್ರ ಸಾಕು.

#ಏಕಸಂಬಿ #ಚಿಕ್ಕೋಡಿ #ಇನ್ಸುಲಿನ್ #ನಂಬರ್_ಓದ್ರಿ