ಚಿಲಕ ಹಾಕಿದರೆ ಮಗು ಸುಮ್ಮನಾದೀತೆ?

ಚಿಗಳ್ಳಿ ಕಡೆಯ ಸೋದರಿಯೊಬ್ಬರು ಬರೆದಿದ್ದಾರೆ: "ಎರಡನೇ ಇಯತ್ತೆಯ ಮಗ ಒಂದು ಕಡೆ ಕೂಡೋದಿಲ್ಲ. ಮಾತೂ ತಡ. ಮೊನ್ನೆ ಅಕ್ಕೋರು ಅವನನ್ನು ವೇಲಿನಿಂದ ಬೆಂಚಿಗೆ ಕಟ್ಟಿದ್ದರಂತೆ. ಇನ್ನೊಂದು ದಿನ ಅಕ್ಕಿಚೀಲ ಇಡೋ ಕೋಣೆಗೆ ನೂಕಿ ಚಿಲಕ ಹಾಕಿದರು. ಕೇಳಿದರೆ ಅವನ ಒಳ್ಳೇದಕ್ಕೇ ಅಂತಾರೆ. ಶಾಲೆ ಬಿಡಿಸಲೇ ಅಕ್ಕಾ?"

ಬಿಡಿಸಬೇಡಿ ತಂಗಿ. ಸುಮ್ಮನೆಯೂ ಇರಬೇಡಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿದ್ದ 25ಕ್ಕೂ ಹೆಚ್ಚು ಮನೋರೋಗಿಗಳು ಓಡಲಾರದೆ ಸತ್ತರು. ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ, ಒಂಟಿಯಾಗಿ ಕೂಡಿಹಾಕುವಂತಿಲ್ಲ. ದೊಡ್ಡವರಿಗೇ ಸಲ್ಲದ್ದು ಏಳು ವರ್ಷದ ಕೂಸಿಗೆ ಹೇಗೆ ಸಲ್ಲುತ್ತದೆ?

ರಸ್ತೆಗೆ ಓಡುವ ಮಗುವನ್ನು ಗಬಕ್ಕನೆ ಹಿಡಿಯುವುದು ಬೇರೆ. ಅಪಾಯ ತಪ್ಪಿದೊಡನೆ ಕೈ ಬಿಡಬೇಕು. ಪಾಠಕ್ಕೆ ಅಡ್ಡಿಯೆಂದು ಕಟ್ಟುವುದು ಬೇರೆ. ಬೇಕಾದರೆ ಕಣ್ಣೆದುರಿಗೇ ಒಂದು ಮೂಲೆಯಲ್ಲಿ ಸ್ವಲ್ಪ ಹೊತ್ತು ಕೂಡಿಸಲಿ, ಬಾಗಿಲು ಮಾತ್ರ ತೆರೆದಿರಲಿ. (ಕೆಲವು ಮನೆಗಳಲ್ಲಿ ಹಟ ಮಾಡಿದ ಮಗುವನ್ನು ಬಚ್ಚಲಿಗೆ ತಳ್ಳಿ ಬಾಗಿಲು ಹಾಕ್ತಾರಲ್ಲ, ಅದೂ ಬೇಡ.)

ಅಕ್ಕೋರೂ ಪಾಪ, ಎಷ್ಟೋ ಕಡೆ ಒಬ್ಬರೇ ಎರಡು ಮೂರು ಇಯತ್ತೆ ನೋಡಬೇಕು. ಹಾಗಾಗಿ ಮೊದಲ ಸಲ ಜಗಳಕ್ಕೆ ಹೋಗಬೇಡಿ, ಕೇಳಲಿಕ್ಕೆ ಹೋಗಿ. ಇವನು ಯಾವ ಹೊತ್ತಿಗೆ ಏಳುತ್ತಾನೆ? ಹಸಿವಿಗೋ, ಉಚ್ಚೆಗೋ, ಗದ್ದಲಕ್ಕೋ? ಮಾತು ತಡವಾದ ಮಗು ಇದನ್ನೆಲ್ಲ ಕಾಲಿನಿಂದಲೇ ಹೇಳುತ್ತದೆ. ಒಂದು ವಾರ ಬರೆದಿಟ್ಟರೆ ಆ ಹೊತ್ತು ಗೊತ್ತಾಗುತ್ತದೆ. ಅದಕ್ಕೆ ಮುಂಚೆಯೇ ಹಲಗೆ ಒರೆಸಲು, ಪುಸ್ತಕ ಹಂಚಲು ಎಬ್ಬಿಸಿದರೆ ಅರ್ಧ ಕಾಟ ಕಡಿಮೆ.

ಅಂದಹಾಗೆ, ಕಿವಿ ತೋರಿಸಿದ್ದೀರಾ? ಮಾತು ತಡವೆಂದರೆ ಮೊದಲು ಕಿವಿಯ ಪರೀಕ್ಷೆ. ಕೇಳದ ಮಗುವನ್ನು ಎಷ್ಟು ಗದರಿಸಿ ಏನು! ಕಿವಿ ಸರಿಯಿದ್ದರೆ ಧಾರವಾಡದ ಡಿಮ್ಹಾನ್ಸಿಗೆ ಒಮ್ಮೆ ಕರೆದುಕೊಂಡು ಹೋಗಿ.

ಇಷ್ಟಾದ ಮೇಲೂ ಕಟ್ಟಿದರೆ ಮುಖ್ಯಾಧ್ಯಾಪಕರಿಗೆ ದಿನಾಂಕ ಹಾಕಿ ಅರ್ಜಿ ಕೊಡಿ, ನಕಲು ಇಟ್ಟುಕೊಳ್ಳಿ. ಕೈಮೇಲೆ ಗುರುತಿದ್ದರೆ ಅಂದೇ ಡಾಕ್ಟರಿಗೆ ತೋರಿಸಿ ಬರೆಸಿಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಮುಂಡಗೋಡದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ. ಮಕ್ಕಳ ಸಹಾಯವಾಣಿ 1098ಕ್ಕೆ ದುಡ್ಡೂ ಬೇಡ.

ಆ ಕೋಣೆಗೆ ಹೆದರಿ ಹುಡುಗ ಶಾಲೆಗೆ ಬರಲೊಲ್ಲೆ ಎಂದರೆ ಎಳೆದೊಯ್ಯಬೇಡಿ. ಅಕ್ಕೋರನ್ನು ಕೇಳಿ, ಒಂದೆರಡು ದಿನ ಬಿಸಿಯೂಟದ ತನಕ ನೀವೇ ಜಗಲಿಯಲ್ಲಿ ಕೂತಿರಿ.